ಕಾನಿನ ಸಸಿ ಮೊದಲು ಎಣಿಸಿ: ಸೊರಬದ ಓದುಗರಿಗೆ ಸಂಪಾದಕರ ಉತ್ತರ

ಸೊರಬ ತಾಲ್ಲೂಕಿನ ಓದುಗರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಹೆಸರು, ಊರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ಪತ್ರದ ಸಾರ ಇಷ್ಟು. ಅವರು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಎಂಎಸ್ಸಿ ಕೊನೆಯ ವರ್ಷದಲ್ಲಿದ್ದಾರೆ. ತಮ್ಮೂರಿನ ಕಾನಿನ ಮೇಲೆ, ಅಂದರೆ ಊರವರು ಉಳಿಸಿಕೊಂಡು ಬಂದ ನಿತ್ಯಹಸಿರು ಕಾಡಿನ ಮೇಲೆ, ಪಿಎಚ್‌ಡಿ ಮಾಡುವ ಆಸೆ. ಆ ಕಾನಿನಲ್ಲಿ ಮಂಗಟ್ಟೆ ಹಕ್ಕಿ (ಹಾರ್ನ್‌ಬಿಲ್) ಗೂಡು ಮಾಡುತ್ತದೆ, ಚೌಡಿ ಅನ್ನುವ ಊರದೇವಿಯ ಬನ ಇದೆ, ಅಂಚಿನಲ್ಲಿ ವೀರಗಲ್ಲುಗಳಿವೆ. ಒಬ್ಬ ಮೇಷ್ಟ್ರು ‘ಹಕ್ಕಿ ಹಿಡ್ಕೊಳ್ಳಿ, ದೇವರು ಬಿಡಿ’ ಅಂದರಂತೆ. ಇನ್ನೊಬ್ಬರು ‘ಕಲ್ಲು, ಬನ ಎಲ್ಲ ಇತಿಹಾಸದವರಿಗೆ, ನಿಮಗಲ್ಲ’ ಅಂದರಂತೆ. ಊರಲ್ಲಿ ಹಿರಿಯರ ಹತ್ತಿರ ಕಾನಿನ ಮಾತೆತ್ತಿದರೆ ‘ಫಾರೆಸ್ಟಿನವರು ಕಳಿಸಿದ್ರಾ?’ ಅಂತ ಕೇಳುತ್ತಾರೆ. ಮನೆಯಲ್ಲಿ ‘ಕಾಡು ಸುತ್ತಿದ್ರೆ ಹೊಟ್ಟೆ ತುಂಬುತ್ತಾ?’ ಅನ್ನುತ್ತಾರೆ. ಈ ನಡುವೆ ಬನದ ಜಾಗದಲ್ಲಿ ಆರ್‌ಸಿಸಿ ಗುಡಿ ಕಟ್ಟಿಸಲು ಸಮಿತಿ ಆಗಿದೆ. ‘ನಾನು ಯಾವುದನ್ನು ಹಿಡಿಯಲಿ, ಯಾವುದನ್ನು ಬಿಡಲಿ?’ ಅನ್ನುವುದು ಅವರ ಪ್ರಶ್ನೆ.

ನಮಸ್ಕಾರ. ನಿಮ್ಮ ಪತ್ರ ಕಚೇರಿಯಲ್ಲಿ ಎಲ್ಲರೂ ಓದಿದೆವು. ಉತ್ತರ ಉದ್ದವಾಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಯಾವುದನ್ನೂ ಬಿಡಬೇಡಿ. ಆದರೆ ಹಕ್ಕಿಗೆ ಒಂದು ಅಧ್ಯಾಯ, ಚೌಡಿಗೆ ಒಂದು, ಕಲ್ಲಿಗೆ ಒಂದು ಅಂತ ಹಂಚಲೂ ಬೇಡಿ. ಹಾಗೆ ಮಾಡಿದರೆ ಮೂರು ಅರ್ಧಂಬರ್ಧ ಪುಸ್ತಕ ಆಗುತ್ತದೆ ಅಷ್ಟೆ. ಈ ಮೂರಕ್ಕೂ ತಾಗುವ ಒಂದೇ ಒಂದು ಪ್ರಶ್ನೆ ಬೇಕು. ಅದು ನಿಮ್ಮ ಪತ್ರದಲ್ಲೇ ಇದೆ. ಗುಡಿ ಸಮಿತಿ ಆಗಿದೆ ಅಂತ ಒಂದೇ ಸಾಲು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ಅಲ್ಲೇ ನಿಲ್ಲಿ. ಬನ ಹೋಗಿ ಗುಡಿ ಬಂದರೆ ಕಾನಿಗೆ ಏನಾಗುತ್ತದೆ? ನನ್ನ ಪ್ರಕಾರ ನಿಮ್ಮ ಪಿಎಚ್‌ಡಿ ಇದು.

ಮಲೆನಾಡಿನ ಎಷ್ಟು ಊರುಗಳಲ್ಲಿ ಇದು ನಡೆದಿದೆ ಅಂತ ನಿಮಗೂ ಗೊತ್ತು. ಮೊದಲು ಜಲ್ಲಿ, ಮರಳು ತರುವ ಟ್ರ್ಯಾಕ್ಟರಿಗೆ ದಾರಿ ಆಗುತ್ತದೆ. ಆಮೇಲೆ ಗುಡಿಯ ಮುಂದೆ ಅಂಗಳ ಬೇಕು. ಅಂಗಳಕ್ಕೆ ಸಿಮೆಂಟು, ಊಟಕ್ಕೆ ಶೀಟಿನ ಚಪ್ಪರ, ಕಂಬಕ್ಕೆ ಲೈಟು. ದೊಡ್ಡ ಮರ ಒಂದನ್ನೂ ಯಾರೂ ಕಡಿಯುವುದಿಲ್ಲ. ಊರವರು ‘ನಾವು ಒಂದು ಮರಾನೂ ಮುಟ್ಟಿಲ್ಲ’ ಅನ್ನುತ್ತಾರೆ, ಅದು ನಿಜ ಕೂಡ. ಆದರೆ ಮರದ ಬುಡ ಚೊಕ್ಕಟ ಗುಡಿಸಿರುತ್ತಾರೆ. ಬಿಸಿಲು ಒಳಗೆ ಬರುತ್ತದೆ, ನೆಲ ಒಣಗುತ್ತದೆ. ಕಾನಿನ ಮರಗಳ ಸಸಿ ಮೇಲೇಳುವುದು ನೆರಳಲ್ಲಿ, ದರಕಿನ (ಉದುರಿದ ಒಣ ಎಲೆಯ) ತಂಪಿನಲ್ಲಿ. ಬಿಸಿಲು ಬಿದ್ದ ಕಡೆ ಬರುವುದು ಲಂಟಾನ, ಯುಪಟೋರಿಯಂನಂಥ ಕಳೆಗಿಡ. ಹತ್ತಿಪ್ಪತ್ತು ವರ್ಷ ನೋಡುವವರಿಗೆ ಕಾನು ಹಾಗೇ ಇದ್ದ ಹಾಗೆ ಕಾಣುತ್ತದೆ, ಯಾಕೆಂದರೆ ಅಜ್ಜ ಮರಗಳು ನಿಂತಿವೆ. ಆ ಮರಗಳು ಬಿದ್ದಾಗ ಅವುಗಳ ಜಾಗಕ್ಕೆ ಬರುವವು ಯಾವುವು? ಹೀಗಾಗುತ್ತದೆ ಅನ್ನುವುದು ನಾವೆಲ್ಲ ಕಣ್ಣಂದಾಜಿನಲ್ಲಿ ಹೇಳುವ ಮಾತು. ಎಣಿಸಿ ತೋರಿಸುವ ಕೆಲಸ ನಿಮ್ಮದು.

ಎಣಿಸುವುದು ಹೇಗೆ ಅಂತ ನಿಮ್ಮ ಗೈಡ್ ನನಗಿಂತ ಚೆನ್ನಾಗಿ ಹೇಳುತ್ತಾರೆ. ಆದರೂ ಒಂದು ಮಾತು. ನಿಮ್ಮೂರ ಕಾನು ಒಂದೇ ಸಾಲದು. ಗುಡಿ ಆಗಿ ಬಹಳ ವರ್ಷ ಆದ ಕಾನು, ಈಚೆಗೆ ಗುಡಿ ಆದ ಕಾನು, ಇನ್ನೂ ಕಲ್ಲು, ಹುತ್ತ, ತ್ರಿಶೂಲ ಮಾತ್ರ ಇರುವ ಕಾನು, ಹೀಗೆ ಬೇರೆ ಬೇರೆ ಆರಿಸಿಕೊಳ್ಳಿ. ಪ್ರತಿಯೊಂದರಲ್ಲೂ ದೇವರ ಜಾಗದಿಂದ ದೂರ ಹೋಗುತ್ತಾ ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಚೌಕಗಳನ್ನು ಹಾಕಿ. ದೊಡ್ಡ ಮರದ ಸುತ್ತಳತೆಯನ್ನು ನೆಲದಿಂದ 1.3 ಮೀಟರ್ ಎತ್ತರದಲ್ಲಿ ತೆಗೆಯಿರಿ. ಅದಕ್ಕಿಂತ ಮುಖ್ಯ, ಮೊಣಕಾಲೆತ್ತರದ ಸಸಿಗಳ ಮುಂದೆ ಕೂತು ಒಂದೊಂದನ್ನೂ ಗುರುತಿಸಿ ಬರೆದುಕೊಳ್ಳಿ. ಉಣುಗು (ಉಣ್ಣೆ) ಹತ್ತುತ್ತದೆ, ಇಂಬಳ (ಜಿಗಣೆ) ಹತ್ತುತ್ತದೆ, ಬೆನ್ನು ನೋಯುತ್ತದೆ. ಮಂಗನ ಕಾಯಿಲೆ ಮೊದಲು ಗೊತ್ತಾಗಿದ್ದು 1957ರಲ್ಲಿ, ನಿಮ್ಮದೇ ತಾಲ್ಲೂಕಿನ ಕ್ಯಾಸನೂರು ಕಾಡಿನಿಂದ. ಅದು ಹರಡುವುದು ಉಣುಗಿನಿಂದ, ಹಗುರವಾಗಿ ತಗೊಳ್ಳಬೇಡಿ. ಪೂರ್ತಿ ಮೈ ಮುಚ್ಚುವ ಬಟ್ಟೆ ಹಾಕಿಕೊಂಡು ಹೋಗಿ, ಬಂದ ಕೂಡಲೇ ಬಿಸಿನೀರು ಸ್ನಾನ ಮಾಡಿ, ಮಂಗ ಸತ್ತು ಬಿದ್ದಿದ್ದರೆ ಆ ಕಡೆ ಹೋಗದೆ ಆಸ್ಪತ್ರೆಗೆ ಸುದ್ದಿ ಕೊಡಿ.

ಮಂಗಟ್ಟೆ ಹಕ್ಕಿಯೂ ಈ ಪ್ರಶ್ನೆಯೊಳಗೇ ಬರುತ್ತದೆ. ಹೆಣ್ಣು ಹಕ್ಕಿ ಹಳೇ ಮರದ ಪೊಟರೆಯೊಳಗೆ ಕೂತು ಪೊಟರೆಯ ಬಾಯಿ ಮುಚ್ಚಿಕೊಳ್ಳುತ್ತದೆ, ಒಂದು ಸೀಳು ಮಾತ್ರ ಉಳಿಯುತ್ತದೆ. ಗಂಡು ಹಕ್ಕಿ ವಾರಗಟ್ಟಲೆ ಆ ಸೀಳಿನಿಂದಲೇ ಹಣ್ಣು ಕೊಡುತ್ತದೆ. ಅಂಥ ಪೊಟರೆ ಎಳೇ ಮರದಲ್ಲಿ ಆಗುವುದಿಲ್ಲ. ಹಕ್ಕಿ ಹಣ್ಣು ನುಂಗಿ ಬೀಜ ಉದುರಿಸುತ್ತದೆ, ಆದರೆ ಕೆಳಗೆ ಸಿಮೆಂಟಿನ ಅಂಗಳ ಇದ್ದರೆ ಬೀಜ ಏನು ಮಾಡೀತು? ಗೂಡಿನ ಮರದ ಬುಡದಲ್ಲಿ ಯಾವ ಯಾವ ಸಸಿ ಇವೆ ಅಂತ ನೋಡಿ. ಹಕ್ಕಿ, ಮರ, ದೇವರು ಮೂರೂ ಒಂದೇ ಪಟ್ಟಿಯಲ್ಲಿ ಬರುತ್ತವೆ.

ಇದು ಅಲ್ಲಿಗೂ ಸಲ್ಲದ ಇಲ್ಲಿಗೂ ಸಲ್ಲದ ವಿಷಯ ಅಂತ ಯಾರಾದರೂ ಅಂದರೆ ಹೆದರಬೇಡಿ. ಮಾಧವ ಗಾಡ್ಗೀಳ್ ಮತ್ತು ವಿ. ಡಿ. ವರ್ತಕ್ ಪಶ್ಚಿಮಘಟ್ಟದ ದೇವರಕಾಡುಗಳ ಬಗ್ಗೆ 1976ರಲ್ಲೇ ಬರೆದರು. ಎಂ. ಡಿ. ಸುಭಾಷ್‌ಚಂದ್ರನ್ ನಮ್ಮ ಕಡೆಯ ಕಾನುಗಳ ಮೇಲೆ ಕೆಲಸ ಮಾಡಿದವರು. ಅದಕ್ಕೂ ಹಿಂದೆ, 1868ರಲ್ಲಿ, ಬ್ರಾಂಡಿಸ್ ಮತ್ತು ಗ್ರಾಂಟ್ ಅನ್ನುವವರು ಸೊರಬದ ಕಾನುಗಳ ವರದಿ ಕೊಟ್ಟರು. ಆ ಒಂದೇ ತಾಲ್ಲೂಕಿನಲ್ಲಿ 171 ಕಾನು, ಎಲ್ಲ ಸೇರಿ 32 ಸಾವಿರ ಎಕರೆಗೂ ಜಾಸ್ತಿ! ಸುತ್ತ ಎಲೆ ಉದುರುವ ಕಾಡು, ನಡುನಡುವೆ ವರ್ಷವಿಡೀ ಹಸಿರು ಕಾನು. ಜನ ಅಲ್ಲಿಂದ ಮೆಣಸು ತರುತ್ತಿದ್ದರು, ಬೈನೆ ಮರದಿಂದ ಕಳ್ಳು ಇಳಿಸುತ್ತಿದ್ದರು, ಕೊಡಲಿ ಮಾತ್ರ ಒಳಗೆ ಒಯ್ಯುತ್ತಿರಲಿಲ್ಲ. ಅಂದರೆ ಕಾನು ಜನ ಕಾಲಿಡದೇ ಉಳಿದ ಕಾಡಲ್ಲ. ಜನ ಬಳಸುತ್ತಲೇ ಉಳಿಸಿಕೊಂಡ ಕಾಡು. ಅದರಿಂದ ಜನರನ್ನು ಬಿಟ್ಟು ಹಕ್ಕಿ ಮಾತ್ರ ನೋಡುತ್ತೇನೆ ಅಂದರೆ ಅರ್ಧ ಕಾರಣ ಕೈಬಿಟ್ಟ ಹಾಗೆ.

ಜನರನ್ನು ಬಿಟ್ಟು ಪ್ರಾಣಿ ಮಾತ್ರ ನೋಡಲಾಗದು ಅನ್ನುವುದಕ್ಕೆ ಸಿಂಗಳೀಕ ಅನ್ನುವ ಕಾಡುಮಂಗದ ಸಂಗತಿ ನೋಡಿ. ಮೈಸೂರಿನ ಮೇವಾ ಸಿಂಗ್, ಹೊನ್ನವಳ್ಳಿ ಕುಮಾರ ಮತ್ತು ಅವರ ಜೊತೆಯವರು ಶಿರಸಿ–ಹೊನ್ನಾವರದ ಕಾಡು ಸುತ್ತಿ 32 ಗುಂಪು ಗುರುತಿಸಿದರು. 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಆಯಿತು. 2019ರಲ್ಲಿ ಅದೂ ಶರಾವತಿ ಕಣಿವೆಯ ಅಭಯಾರಣ್ಯವೂ ಸೇರಿ 930 ಚದರ ಕಿಲೋಮೀಟರಿನ ಸಿಂಗಳೀಕ ಅಭಯಾರಣ್ಯ ಆಯಿತು. ಆದರೆ ಸಿಂಗಳೀಕವನ್ನು ಎಣಿಸಿದರೆ ಕೆಲಸ ಮುಗಿಯುವುದಿಲ್ಲ. ಉಪ್ಪಾಗೆ ಅನ್ನುವ ಕಾಡುಮರದ ಹುಳಿಹಣ್ಣು ಅದಕ್ಕೂ ಬೇಕು, ಜನರಿಗೂ ಬೇಕು. ಹಣ್ಣಾಗುವುದು ಮಳೆಗಾಲದಲ್ಲಿ, ಸಿಪ್ಪೆ ಬಿಸಿಲಿಗೆ ಒಣಗುವುದಿಲ್ಲ, ಒಲೆಯ ಮೇಲೆ ಹೊಗೆ ಕೊಟ್ಟು ಒಣಗಿಸಬೇಕು, ಅದಕ್ಕೆ ಮತ್ತೆ ಕಾಡಿನದೇ ಕಟ್ಟಿಗೆ. ರೇಟು ಚೆನ್ನಾಗಿದ್ದರೆ ಇನ್ನೊಬ್ಬರು ಕೊಯ್ಯುವ ಮೊದಲು ನಾವೇ ಕೊಯ್ಯೋಣ ಅಂತ ಎಳೇಕಾಯಿಗೇ ಕೈ ಹಾಕುತ್ತಾರೆ. ಮಂಗನ ಅಧ್ಯಯನ ಅಂತ ಹೊರಟವರು ಕೊನೆಗೆ ಒಲೆ, ಕೊಯ್ಲಿನ ದಿನ, ಅಂಗಡಿ ರೇಟು ಎಲ್ಲ ನೋಡಲೇಬೇಕಾಗುತ್ತದೆ.

ವೀರಗಲ್ಲಿಗೆ ಬರುತ್ತೇನೆ. ನೀವು ಕಳಿಸಿದ ಫೋಟೋ ದೊಡ್ಡದು ಮಾಡಿ ನೋಡಿದೆ. ಕೆಳಗಿನ ಪಟ್ಟಿಕೆಯಲ್ಲಿ ಹುಲಿ ಹಿಂಗಾಲಲ್ಲಿ ಎದ್ದಿದೆ, ಆಳಿನ ಕತ್ತಿ ಅದರ ಹೊಟ್ಟೆಯಲ್ಲಿದೆ, ಹಿಂದಿನಿಂದ ಒಂದು ನಾಯಿ ಬಾಲಕ್ಕೆ ಬಾಯಿ ಹಾಕಿದೆ. ನಡುವೆ ಅಪ್ಸರೆಯರು ವೀರನನ್ನು ಒಯ್ಯುತ್ತಿದ್ದಾರೆ, ಮೇಲೆ ಲಿಂಗ. ನಾಯಿಗೂ ಕಲ್ಲು ನಿಲ್ಲಿಸಿದ ನಾಡು ನಮ್ಮದು. ಆತಕೂರಿನ 949ರ ಶಾಸನದಲ್ಲಿ ಹಂದಿಯ ಜೊತೆ ಹೋರಾಡಿ ಸತ್ತ ಕಾಳಿ ಅನ್ನುವ ನಾಯಿಯ ಕಥೆ ಇದೆ. ನಿಮ್ಮ ಕಲ್ಲಿನಲ್ಲಿ ಅಕ್ಷರ ಇದ್ದ ಹಾಗೆ ಕಾಣುತ್ತದೆ. ಬಿ. ಎಲ್. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ 8ನೇ ಸಂಪುಟದಲ್ಲಿ ಸೊರಬದ ಶಾಸನಗಳಿವೆ, 1904ರಲ್ಲಿ ಬಂದದ್ದು. ಮೊದಲು ಅದರಲ್ಲಿ ಹುಡುಕಿ. ಇಲ್ಲದಿದ್ದರೆ ನಿಮ್ಮದೇ ವಿಶ್ವವಿದ್ಯಾಲಯದ ಇತಿಹಾಸ ವಿಭಾಗದವರನ್ನು ಕರೆದುಕೊಂಡು ಹೋಗಿ ತೋರಿಸಿ. ಕೆಳದಿಯ ವಸ್ತುಸಂಗ್ರಹಾಲಯವೂ ನಿಮಗೆ ಹತ್ತಿರವೇ. ಒಂದು ಕಲ್ಲಿನಿಂದ ಆಗ ಎಷ್ಟು ಹುಲಿ ಇದ್ದವು ಅಂತ ಲೆಕ್ಕ ಹಾಕಲು ಹೋಗಬೇಡಿ, ಅದು ಕಲ್ಲು ಹೇಳುವ ಮಾತಲ್ಲ. ಆದರೆ ಆ ಕಲ್ಲು ಕಾನಿನ ಅಂಚಿನಲ್ಲೇ ನಿಂತಿದೆ ಅನ್ನುವುದು ಮುಖ್ಯ. ಗುಡಿ ಆಗುವಾಗ ಇಂಥ ಕಲ್ಲನ್ನು ಗೋಡೆಗೆ ಸೇರಿಸಿ ಆಯಿಲ್ ಪೇಂಟ್ ಬಳಿಯುವುದುಂಟು. ಇದ್ದಲ್ಲೇ ಇರಲಿ ಅಂತ ಸಮಿತಿಯವರ ಹತ್ತಿರ ಈಗಲೇ ಕೇಳಿಕೊಳ್ಳಿ.

ಇನ್ನು ಊರವರು ಬಾಯಿ ಬಿಡುವುದಿಲ್ಲ ಅನ್ನುವ ವಿಷಯ. ಅವರ ಅನುಮಾನ ಸುಮ್ನೆ ಬಂದದ್ದಲ್ಲ. ಕಾನಿನ ಲೆಕ್ಕ ಬ್ರಿಟಿಷರ ಕಾಲದಿಂದ ಸರ್ಕಾರದ ಕಾಗದದಲ್ಲಿ ಬದಲಾಗುತ್ತಲೇ ಬಂದಿದೆ. ಒಂದು ಕಡೆ ಕಂದಾಯ, ಇನ್ನೊಂದು ಕಡೆ ಅರಣ್ಯ. 2006ರ ಅರಣ್ಯ ಹಕ್ಕು ಕಾಯ್ದೆಯ ಅರ್ಜಿ ಹಾಕಿ ಕಾಯುತ್ತಿರುವವರು ಎಷ್ಟೋ ಜನ ಇದ್ದಾರೆ. ಅಂಥವರ ಮನೆಗೆ ಜಿಪಿಎಸ್ ಹಿಡಿದು ಹೋದರೆ ಯಾರು ತಾನೇ ಮಾತಾಡುತ್ತಾರೆ? ಯಾಕೆ ಬಂದಿದ್ದೀರಿ, ಏನು ಬರೆಯುತ್ತೀರಿ, ಯಾರಿಗೆ ಕೊಡುತ್ತೀರಿ ಅಂತ ಮೊದಲೇ ಹೇಳಿ. ಬರೆದದ್ದನ್ನು ಅವರ ಮುಂದೆ ಕೂತು ಓದಿ. ‘ಇದು ಬೇಡ’ ಅಂದರೆ ತೆಗೆಯಿರಿ.

ಮತ್ತೆ, ಸಮಿತಿಯ ಗಂಡಸರಿಗಿಂತ ಮೊದಲು ಅಜ್ಜಿಯರ ಹತ್ತಿರ ಹೋಗಿ. ದೇವರಕಾಡು, ಸಂರಕ್ಷಣೆ ಅನ್ನುವ ಮಾತೇ ಎತ್ತಬೇಡಿ. ಭೂಮಿ ಹುಣ್ಣಿಮೆ ಹಬ್ಬದಲ್ಲಿ ಗದ್ದೆಗೆ ಬೀರುವ ಹಚ್ಚಂಬಲಿಗೆ ಯಾವ ಯಾವ ಸೊಪ್ಪು ತರುತ್ತಿದ್ದಿರಿ, ಎಲ್ಲಿಂದ ತರುತ್ತಿದ್ದಿರಿ, ಈಗ ಯಾವುದು ಸಿಗುವುದಿಲ್ಲ ಅಂತ ಕೇಳಿ. ದೀವರ ಸಮುದಾಯದ ಮನೆಗಳಲ್ಲಿ ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುವವರನ್ನು ಕೇಳಿ. ಕೆಂಪಿಗೆ ಕೆಮ್ಮಣ್ಣು, ಬಿಳಿಗೆ ಅಕ್ಕಿ, ಕಪ್ಪಿಗೆ ಹುರಿದು ಕರಿ ಮಾಡಿದ ಅಕ್ಕಿ, ಬರೆಯಲು ಪುಂಡಿ ನಾರು. ಅದೇ ಹಬ್ಬಕ್ಕೆ ಚಿತ್ತಾರ ಬರೆಯುವ ಭೂಮಣ್ಣಿ ಬುಟ್ಟಿಗೆ ಬೇಕಾದ್ದೆಲ್ಲ ಒಂದು ಕಾಲದಲ್ಲಿ ಎಲ್ಲಿಂದ ಬರುತ್ತಿತ್ತು? ಸೊಪ್ಪಿನ ಪಟ್ಟಿ, ಬಣ್ಣದ ಪಟ್ಟಿ ಎರಡನ್ನೂ ನಿಮ್ಮ ಸಸಿಯ ಪಟ್ಟಿಯ ಪಕ್ಕ ಇಟ್ಟು ನೋಡಿ. ನಿಮ್ಮ ಚೌಕಗಳಲ್ಲಿ ಸಿಗದ ಎಷ್ಟೋ ಗಿಡ ಅವರ ನೆನಪಿನಲ್ಲಿರುತ್ತವೆ.

ಕೆಲವು ವಿಷಯ ಗೊತ್ತಾದರೂ ಬರೆಯಬೇಡಿ. ವೀರಗಲ್ಲಿನ ಸರಿಯಾದ ಜಾಗ ಪ್ರಬಂಧದಲ್ಲಿ ಹಾಕಿದರೆ ನಿಧಿ ಹುಡುಕುವವರು ಹಾರೆ ಹಿಡಿದು ಬರುತ್ತಾರೆ. ಮಂಗಟ್ಟೆ ಗೂಡಿನ ಮರದ ಗುರುತು ಹಾಕಿದರೆ ಫೋಟೋದವರು ಸಾಲುಗಟ್ಟುತ್ತಾರೆ. ನಾಟಿ ಔಷಧಿಯವರು ನಿಮ್ಮನ್ನು ನಂಬಿ ತೋರಿಸಿದ ಬೇರು ಅವರದು. ಜೀವವೈವಿಧ್ಯ ಕಾಯ್ದೆ 2002ರಲ್ಲಿ ಬಂದಿದೆ, ಅದರಂತೆ ಪಂಚಾಯಿತಿಯಲ್ಲಿ ಒಂದು ಸಮಿತಿ ಇರಬೇಕು, ಜನರ ದಾಖಲಾತಿ ಪುಸ್ತಕ ಇರಬೇಕು. ಹೋಗಿ ಕೇಳಿ. ಇದ್ದರೆ ಓದಿ, ಖಾಲಿ ಇದ್ದರೆ ತುಂಬಲು ಕೈಜೋಡಿಸಿ.

ಅನುಮತಿ, ದುಡ್ಡು, ಬೇಗ ಹೇಳಿಬಿಡುತ್ತೇನೆ. ಅಭಯಾರಣ್ಯದೊಳಗೆ ಕೆಲಸ ಮಾಡುವುದಾದರೆ 1972ರ ವನ್ಯಜೀವಿ ಕಾಯ್ದೆಯಂತೆ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ಹೊರಗಿನ ಕಾನಾದರೂ ಅದು ಯಾರ ಲೆಕ್ಕದಲ್ಲಿದೆ ನೋಡಿ, ಅವರಿಂದ ಬರಹದಲ್ಲಿ ಒಪ್ಪಿಗೆ ತಗೊಳ್ಳಿ. ನೆಟ್ ಪರೀಕ್ಷೆ ಪಾಸಾಗಿ ಜೆಆರ್‌ಎಫ್ ಅನ್ನುವ ಸಂಶೋಧನಾ ವೇತನ ಸಿಕ್ಕರೆ 2023ರಿಂದ ತಿಂಗಳಿಗೆ 37 ಸಾವಿರ ರೂಪಾಯಿ ಇದೆ. ಅಪ್ಪನಿಗೆ ಈ ಅಂಕಿ ಹೇಳಿ, ಜೊತೆಗೆ ಅದು ಪರೀಕ್ಷೆ ಗೆದ್ದವರಿಗೆ ಮಾತ್ರ ಅಂತಲೂ ಹೇಳಿ. ಇಂಥ ಕೆಲಸಕ್ಕೆ ಬೆಂಗಳೂರಿನ ಏಟ್ರೀ ಸಂಶೋಧನಾ ಸಂಸ್ಥೆ, ಡೆಹ್ರಾಡೂನಿನ ವನ್ಯಜೀವಿ ಸಂಸ್ಥೆ, ಶಿರಸಿಯ ಅರಣ್ಯ ಕಾಲೇಜು ಎಲ್ಲ ಇವೆ. ಆದರೆ ನಿಮ್ಮ ಕಾನಿಗೆ ಶಂಕರಘಟ್ಟವೇ ಸಾಕು ಅನ್ನಿಸುತ್ತದೆ. ಸಸ್ಯದವರು, ಪ್ರಾಣಿಯವರು, ಇತಿಹಾಸದವರು ಒಂದೇ ಆವರಣದಲ್ಲಿ ಸಿಗುವಾಗ ಇಬ್ಬರು ಗೈಡ್ ಇಟ್ಟುಕೊಳ್ಳಲು ಸಾಧ್ಯವಾ ಅಂತ ಕೇಳಿ ನೋಡಿ. ಪ್ರಬಂಧ ಇಂಗ್ಲಿಷಿನಲ್ಲಿ ಬರೆಯಿರಿ, ಬೇಡ ಅನ್ನುವುದಿಲ್ಲ. ಊರವರಿಗೆ ಮಾತ್ರ ಕನ್ನಡದಲ್ಲಿ ಕೊಡಿ. ವರ್ಷಕ್ಕೊಮ್ಮೆ ನಾಲ್ಕು ಪುಟ ಬರೆದು ಕಳಿಸಿ, ನಾವು ಹಾಕುತ್ತೇವೆ.

ಗುಡಿ ನಿಲ್ಲಿಸಿ ಅಂತ ಊರಲ್ಲಿ ಜಗಳಕ್ಕೆ ನಿಲ್ಲಬೇಡಿ. ಮಳೆಯಲ್ಲಿ ನೆನೆಯುತ್ತಾ ಹಣ್ಣುಕಾಯಿ ಮಾಡಿಸುವವರಿಗೆ ಸೂರು ಬೇಕು ಅನ್ನಿಸುವುದು ತಪ್ಪಲ್ಲ. ಅವರ ಭಕ್ತಿ ಇಲ್ಲದಿದ್ದರೆ ಕಾನೇ ಉಳಿಯುತ್ತಿರಲಿಲ್ಲ. ಅಂಗಳ ಚಿಕ್ಕದಿರಲಿ, ಊಟದ ಚಪ್ಪರ ರಸ್ತೆ ಬದಿಗೆ ಬರಲಿ, ದರಕು ಗುಡಿಸುವುದು ಬೇಡ, ರಾತ್ರಿ ಲೈಟು ಬೇಡ. ಇಷ್ಟು ಕೇಳಿದರೆ ಒಪ್ಪಿಯಾರು, ಊರ ಮಗಳ ಮಾತು ಅಂತ.

ಆದರೆ ಒಂದು ವಿಷಯಕ್ಕೆ ರಿಜಿಸ್ಟ್ರೇಷನ್ ಆಗುವ ತನಕ ಕಾಯಬೇಡಿ. ದಸರಾ ಕಳೆದು ಗುಡಿಯ ಕೆಲಸ ಶುರು ಅಂತ ಬರೆದಿದ್ದೀರಿ. ಟ್ರ್ಯಾಕ್ಟರ್ ಒಳಗೆ ಬರುವ ಮೊದಲು ಹಗ್ಗ, ಟೇಪು, ನೋಟ್‌ಬುಕ್ ತಗೊಂಡು ಗೆಳತಿಯೊಬ್ಬರ ಜೊತೆ ಹೋಗಿ ಬನದ ಸುತ್ತ ಸಸಿ ಎಣಿಸಿಬಿಡಿ. ಪ್ರತಿ ಚೌಕದ ಮೂಲೆಗೆ ಗುರುತಿನ ಕಲ್ಲು ಇಟ್ಟು, ನಾಲ್ಕು ದಿಕ್ಕಿನಿಂದಲೂ ಫೋಟೋ ತೆಗೆದು, ತಾರೀಕು ಹಾಕಿಡಿ. ಈಗ ತಪ್ಪಿದರೆ ಮುಂದೆ ಎಷ್ಟು ಎಣಿಸಿದರೂ ಹೋಲಿಸಿ ನೋಡಲು ಹಳೇ ಲೆಕ್ಕ ಇರುವುದಿಲ್ಲ. ಸಸಿ ಗುರುತಿಸಲು ಗೊತ್ತಿರುವವರು ಬೇಕಿದ್ದರೆ ನಮ್ಮ ಕಚೇರಿಗೆ ಬರೆಯಿರಿ. ಈ ಕೆಲಸಕ್ಕೆ ಬರುವವರು ನಮ್ಮ ಓದುಗರಲ್ಲೇ ಇದ್ದಾರೆ.