ಓದುಗರ ಪ್ರಶ್ನೆ: ಪಾಳಿ ಬದಲಾಗುವಾಗ ಹೇಳಿದ ಮಾತು

ಪ್ರಶ್ನೆ: ಹೊಸೂರಿನ ಸಿಪ್‌ಕಾಟ್ ಕೈಗಾರಿಕಾ ಪ್ರದೇಶದ ಬಿಡಿಭಾಗ ಕಾರ್ಖಾನೆಯೊಂದರಲ್ಲಿ 11 ವರ್ಷ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಯಂತ್ರ ನಡೆಸಿದ ನನ್ನನ್ನು ಈಗ ಶಿಫ್ಟ್ ಇನ್‌ಚಾರ್ಜ್ ಮಾಡಿದ್ದಾರೆ. ನನ್ನ ಮನೆಮಾತು ಕನ್ನಡ. ಜೊತೆಯವರಲ್ಲಿ ತಮಿಳರು, ತೆಲುಗರು, ಒಡಿಶಾದ ಹುಡುಗರು ಇದ್ದಾರೆ. ನಾಯಕತ್ವದ ಬಗ್ಗೆ ಎರಡು ದಿನ ಇಂಗ್ಲಿಷಿನಲ್ಲಿ ತರಬೇತಿ ಕೊಡಿಸಿದರು. ಆದರೂ ಕಳೆದ ತಿಂಗಳು, ಹಗಲಿನಲ್ಲಿ ಆಫ್‌ಸೆಟ್ (ಟೂಲಿನ ಸ್ಥಾನ ಸರಿಪಡಿಸಲು ಯಂತ್ರಕ್ಕೆ ಕೊಡುವ ಅಳತೆ) ಬದಲಿಸಿದ್ದು ರಾತ್ರಿಯವರಿಗೆ ತಿಳಿಯದೆ ಒಂದು ಟ್ರೇ ಮಾಲು ರಿಜೆಕ್ಟ್ ಆಯಿತು. ಹೇಳಿದ್ದೇನೆ ಎಂದು ನಾನು, ಹೇಳಲೇ ಇಲ್ಲ ಎಂದು ಅವರು. ಎಂಥ ತರಬೇತಿ ಕೇಳಲಿ?

ಉತ್ತರ: ಹೊರಡುವವರಿಗೆ ಬಸ್ಸಿನ ಆತುರ, ಬಂದವರಿಗೆ ಯಂತ್ರ ಹಿಡಿಯುವ ಆತುರ; ಆ ಗದ್ದಲದಲ್ಲಿ ನೀವು ಹೇಳಿದ್ದೂ ನಿಜವಿರಬಹುದು, ಅವರ ಕಿವಿಗೆ ಬೀಳದಿದ್ದದ್ದೂ ನಿಜವಿರಬಹುದು. 1988ರ ಜುಲೈ 6ರ ರಾತ್ರಿ ಉತ್ತರ ಸಮುದ್ರದ ಪೈಪರ್ ಆಲ್ಫಾ ತೈಲ ವೇದಿಕೆಯಲ್ಲಿ 167 ಮಂದಿ ಪ್ರಾಣ ಕಳೆದುಕೊಂಡರು. ದುರಸ್ತಿಗೆಂದು ಒಂದು ಪಂಪಿನ ಸುರಕ್ಷತಾ ವಾಲ್ವನ್ನು ಹಗಲಿನಲ್ಲಿ ಬಿಚ್ಚಿಟ್ಟಿದ್ದ ಸಂಗತಿ ರಾತ್ರಿ ಪಾಳಿಗೆ ತಲುಪದೆ, ಅವರು ಅದೇ ಪಂಪನ್ನು ಚಾಲೂ ಮಾಡಿದ್ದರಿಂದ ಅನಾಹುತ ಆರಂಭವಾಯಿತೆಂದು ವಿಚಾರಣೆಯಲ್ಲಿ ಕಂಡುಬಂತು. ನಿಮ್ಮಲ್ಲಿ ಹೋದದ್ದು ಮಾಲು ಮಾತ್ರ, ಆದರೆ ತಪ್ಪಿದ ಕೊಂಡಿ ಅದೇ.

ಆದ್ದರಿಂದ ಮೊದಲು ಪಾಳಿ ಒಪ್ಪಿಸುವ ತರಬೇತಿಯನ್ನೇ ಕೇಳಿ. ಇಬ್ಬರೂ ಲಾಗ್‌ಬುಕ್ ಹಿಡಿದು ಯಂತ್ರದ ಎದುರೇ ನಿಲ್ಲಬೇಕು. ಯಾವ ಟೂಲಿನ ಆಫ್‌ಸೆಟ್, ಎಷ್ಟು, ಏಕೆ ಬದಲಾಯಿತು ಎಂಬುದನ್ನು ಕೇಳಿಸಿಕೊಂಡವರು ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು. ‘ಸರಿ ಅಣ್ಣಾ’ ಎಂಬುದನ್ನು ಉತ್ತರವೆಂದು ಒಪ್ಪಿಕೊಳ್ಳಬೇಡಿ. ಯಾವ ಭಾಷೆಯಲ್ಲಿ ತಿರುಗಿ ಹೇಳಿದರೂ ಅಡ್ಡಿಯಿಲ್ಲ. ಹೊಸೂರು, ತಳಿ, ಬಾಗಲೂರು ಕಡೆಯವರು ಸಂತೆಯಲ್ಲೇ ಮೂರು ಭಾಷೆ ಕಲಿತು ಬೆಳೆದವರು. ಅಂಥ ಊರಿನಲ್ಲಿ ತರಬೇತಿ ಇಂಗ್ಲಿಷಿನಲ್ಲಷ್ಟೇ ನಡೆಯಿತೆಂಬುದು ನನಗೆ ನಿಜಕ್ಕೂ ಬೇಸರ ತಂದಿತು. ಒಡಿಶಾದ ಹುಡುಗರಿಗಾದರೆ ಅಳತೆಯನ್ನು ಬೋರ್ಡಿನ ಮೇಲೆ ಅಂಕಿಯಲ್ಲಿ ಬರೆದು, ಒಳ್ಳೆಯ ಪೀಸನ್ನೂ ಕೆಟ್ಟ ಪೀಸನ್ನೂ ಕೈಗೆ ಕೊಟ್ಟು ತೋರಿಸಿ.

ಎರಡನೆಯದು, ಕೆಲಸ ಕಲಿಸುವ ತರಬೇತಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕಾರ್ಖಾನೆಗಳಿಗಾಗಿ ರೂಪಿಸಿದ ‘ಟ್ರೈನಿಂಗ್ ವಿದಿನ್ ಇಂಡಸ್ಟ್ರಿ’ ಕ್ರಮದಲ್ಲಿ ಮೇಲ್ವಿಚಾರಕರಿಗೆ ಇದನ್ನು ಎರಡೆರಡು ಗಂಟೆಯಂತೆ ಐದು ಸಲ, ಒಟ್ಟು 10 ಗಂಟೆ ಹೇಳಿಕೊಡುತ್ತಿದ್ದರು: ಕಲಿಯುವವನನ್ನು ಅಣಿಗೊಳಿಸುವುದು, ಮಾಡಿ ತೋರಿಸುವುದು, ಅವನ ಕೈಯಲ್ಲೇ ಮಾಡಿಸುವುದು, ಆಮೇಲೂ ಗಮನಿಸುತ್ತಿರುವುದು. ಅವನು ಕಲಿಯಲಿಲ್ಲವೆಂದರೆ ನಾವು ಕಲಿಸಲಿಲ್ಲವೆಂದೇ ಅವರು ಲೆಕ್ಕ ಹಿಡಿಯುತ್ತಿದ್ದರು. ನಾಯಕತ್ವದ ಬಹುಪಾಲು ಇದರಲ್ಲೇ ಅಡಗಿದೆ ಎಂಬುದು ನನ್ನ ದೃಢ ನಂಬಿಕೆ. ನಿನ್ನೆಯವರೆಗೆ ಜೊತೆಗೆ ಟೀ ಕುಡಿದವರು ಇಂದು ನಿಮ್ಮ ಮಾತು ಕೇಳುವುದೂ ನೀವು ಹೀಗೆ ಕಲಿಸಿದಾಗಲೇ. ನಾಲ್ಕು ಜನರೆದುರು ಗದರಿಸಿದರೆ ಆ ಬಾಗಿಲು ಮುಚ್ಚುತ್ತದೆ.

ಮ್ಯಾನೇಜರರ ಬಳಿಗೆ ಹೋಗುವಾಗ ಆ ಟ್ರೇಯ ನಷ್ಟದ ಲೆಕ್ಕ ಬರೆದುಕೊಂಡು ಹೋಗಿ. ಎರಡು ಪಾಳಿಗಳೂ ಕೂಡಿ ನಿಲ್ಲಲು 10 ನಿಮಿಷ ಕೊಡಬೇಕೆಂದು, ಆ 10 ನಿಮಿಷವನ್ನು ಎಲ್ಲರ ಸಂಬಳದ ಲೆಕ್ಕಕ್ಕೆ ಸೇರಿಸಬೇಕೆಂದು ಕೇಳಿ.