ಸೆರಾಮಿಕ್ ಕಾಂಪೋಸಿಟ್‌ನಲ್ಲಿ ಫೈಬರ್ ಗಟ್ಟಿಯಾಗಿ ಅಂಟ್ಕೊಂಡ್ರೆ ಒಳ್ಳೇದಲ್ವಾ?

ಪ್ರಶ್ನೆ: ಸರ್, ನಾನು ಮೆಕ್ಯಾನಿಕಲ್ 3ನೇ ವರ್ಷ. ಸಿಲಿಕಾನ್ ಕಾರ್ಬೈಡ್ ಅನ್ನೋ ಸೆರಾಮಿಕ್ ಮ್ಯಾಟ್ರಿಕ್ಸ್ (ಫೈಬರ್ ಸುತ್ತ ತುಂಬಿರೋ ಮೂಲ ವಸ್ತು) ಒಳಗೆ ಅದೇ ಸಿಲಿಕಾನ್ ಕಾರ್ಬೈಡ್ ಫೈಬರ್ ಹಾಕಿ ಜೆಟ್ ಎಂಜಿನ್ ಪಾರ್ಟ್ ಮಾಡ್ತಾರಂತೆ. ಎರಡೂ ಒಡೆಯೋ ವಸ್ತುನೇ, ಸೇರಿಸಿದ್ರೆ ಹೇಗೆ ಒಡೆಯಲ್ಲ? ಫೈಬರ್ ಚೆನ್ನಾಗಿ ಅಂಟ್ಕೊಳ್ಳೋದ್ರಿಂದ್ಲಾ?

ಉತ್ತರ: ಉಲ್ಟಾ. ಪೂರ್ತಿ ಅಂಟ್ಕೊಂಡ್ರೇನೇ ಕೆಟ್ಟದ್ದು. ಚಾಕ್‌ಪೀಸ್ ಮುರಿದ್ರೆ ಪಟ್ ಅಂತ ಎರಡಾಗುತ್ತೆ, ಅದೇ ಒಣ ಬಿದಿರು ಮುರಿಯೋಕೆ ಹೋದ್ರೆ ಉದ್ದಕ್ಕೆ ಸೀಳುತ್ತೆ, ಸಿಬಿರು ಏಳುತ್ತೆ, ಆದ್ರೂ ಎರಡು ತುಂಡು ಸುಲಭಕ್ಕೆ ಬೇರೆ ಆಗಲ್ಲ. ನಮಗೆ ಬೇಕಾಗಿರೋದು ಈ ಬಿದಿರಿನ ಗುಣ. ಅದಕ್ಕೇ ಸುಮಾರು 10ರಿಂದ 15 ಮೈಕ್ರಾನ್ ದಪ್ಪದ ಫೈಬರ್ ಮೇಲೆ ಒಂದು ಮೈಕ್ರಾನ್‌ಗೂ ಕಮ್ಮಿ ಬೋರಾನ್ ನೈಟ್ರೈಡ್ ಕೋಟಿಂಗ್ ಕೊಡ್ತಾರೆ, ಅದು ಪದರ ಪದರವಾಗಿ ಜಾರೋ ವಸ್ತು, ಮ್ಯಾಟ್ರಿಕ್ಸ್‌ನಲ್ಲಿ ಬಂದ ಬಿರುಕು ಅಲ್ಲಿಗೆ ಮುಟ್ಟಿದಾಗ ಫೈಬರ್ ಕತ್ತರಿಸದೆ ಅದರ ಉದ್ದಕ್ಕೆ ತಿರುಗಿಕೊಳ್ಳುತ್ತೆ, ಆಮೇಲೆ ಫೈಬರ್ ಉಜ್ಜಿಕೊಂಡು ಜಾರೋದ್ರಲ್ಲೇ ಬೇಕಾದಷ್ಟು ಎನರ್ಜಿ ಖರ್ಚಾಗುತ್ತೆ. ಹಾಗಂತ ತೀರಾ ಸಡಿಲ ಬಿಟ್ರೂ ಲೋಡ್ ಫೈಬರ್‌ಗೆ ದಾಟೋದೇ ಇಲ್ಲ.

ಹೀ ಮತ್ತೆ ಹಚಿನ್ಸನ್ ಅನ್ನೋ ಇಬ್ಬರು ಸಂಶೋಧಕರು 1989ರಲ್ಲಿ ಲೆಕ್ಕ ಹಾಕಿ ತೋರಿಸಿದ್ರು, ಫೈಬರ್, ಮ್ಯಾಟ್ರಿಕ್ಸ್ ಎರಡರ ಸ್ಟಿಫ್‌ನೆಸ್ (ಬಗ್ಗದ ಗುಣ) ಒಂದೇ ಇದ್ದಾಗ ಇಂಟರ್‌ಫೇಸ್, ಅಂದ್ರೆ ಅವೆರಡೂ ಸೇರೋ ಜಾಗ, ಬಿಡಿಸೋಕೆ ಬೇಕಾದ ಎನರ್ಜಿ ಫೈಬರ್ ಒಡೆಯೋಕೆ ಬೇಕಾದ್ದರ ಸುಮಾರು ಕಾಲು ಭಾಗಕ್ಕಿಂತ ಕಮ್ಮಿ ಇದ್ರೆ ಬಿರುಕು ತಿರುಗುತ್ತೆ ಅಂತ. ನನಗೆ ಇವತ್ತಿಗೂ ತುಂಬಾ ಇಷ್ಟದ ರಿಸಲ್ಟ್ ಇದು.

ನಿಜವಾದ ತಲೆನೋವು ಬಿಸಿ ಗಾಳಿ. ಮೊದ್ಲು ಕಾರ್ಬನ್ ಕೋಟಿಂಗ್ ಬಳಸ್ತಿದ್ರು, 500 ಡಿಗ್ರಿ ಆಸುಪಾಸಲ್ಲೇ ಸುಟ್ಟು ಹೋಗೋಕೆ ಶುರುವಾಗುತ್ತೆ. ಬೋರಾನ್ ನೈಟ್ರೈಡ್ ಇನ್ನೂ ತಡ್ಕೊಳ್ಳುತ್ತೆ, ಆದ್ರೆ ಬಿರುಕಿನೊಳಗೆ ಆಕ್ಸಿಜನ್, ನೀರಾವಿ ನುಗ್ಗಿದ್ರೆ ಅದು ಬೋರಾನ್ ಆಕ್ಸೈಡ್ ಆಗಿ, ಸಿಲಿಕಾನ್ ಕಾರ್ಬೈಡ್ ಆಕ್ಸಿಜನ್ ಜೊತೆ ಸೇರಿ ಆಗೋ ಸಿಲಿಕಾ ಜೊತೆ ಬೆರೆತು ಗಾಜಾಗಿ ಫೈಬರನ್ನ ಮ್ಯಾಟ್ರಿಕ್ಸ್‌ಗೆ ಬೆಸೆದುಬಿಡುತ್ತೆ, ಅಲ್ಲಿಗೆ ಮತ್ತೆ ಚಾಕ್‌ಪೀಸೇ. ಇದು ಜಾಸ್ತಿ ಕಾಡೋದು 700–800 ಡಿಗ್ರಿಯಂಥ ಮಧ್ಯದ ಬಿಸೀಲಿ, ಯಾಕಂದ್ರೆ ಇನ್ನೂ ಮೇಲಕ್ಕೆ ಹೋದ್ರೆ ಸಿಲಿಕಾ ಬೇಗ ಬೆಳೆದು ಬಿರುಕಿನ ಬಾಯಿ ಮುಚ್ಚುತ್ತೆ. ಅದಕ್ಕೆ ಕೋಟಿಂಗ್‌ಗೆ ಸ್ವಲ್ಪ ಸಿಲಿಕಾನ್ ಬೆರೆಸೋದು, ಮೇಲೊಂದು ಸಿಲಿಕಾನ್ ನೈಟ್ರೈಡ್ ಪದರ ಕೊಡೋದು ಎಲ್ಲಾ ಬಂತು. 2016ರಿಂದ ಹಾರ್ತಿರೋ, ವಿಮಾನದ ಲೀಪ್ ಅನ್ನೋ ಜೆಟ್ ಎಂಜಿನ್‌ನ ಟರ್ಬೈನ್ ಶ್ರೌಡ್ (ಬ್ಲೇಡ್‌ಗಳ ಸುತ್ತ ಇರೋ ಉಂಗುರದಂಥ ಕವಚ) ಇದೇ ಜಾತಿ ವಸ್ತು, ನಿಕಲ್ ಅಲಾಯ್‌ನ ಸುಮಾರು ಮೂರನೇ ಒಂದು ಭಾಗ ತೂಕ ಅಷ್ಟೇ.

ಕಾಲೇಜಲ್ಲಿ ಎಸ್‌ಇಎಂ (ಸ್ಕ್ಯಾನಿಂಗ್ ಎಲೆಕ್ಟ್ರಾನ್ ಮೈಕ್ರೋಸ್ಕೋಪ್) ಸಿಕ್ಕಿದ್ರೆ ಮುರಿದ ಸ್ಯಾಂಪಲ್ ಖಂಡಿತ ನೋಡಿ. ಫೈಬರ್ ತುದಿಗಳು ಬ್ರಷ್ ಕೂದಲ ಥರ ಹೊರಗೆ ಚಾಚಿದ್ರೆ ಇಂಟರ್‌ಫೇಸ್ ಕೆಲಸ ಮಾಡಿದೆ, ನುಣ್ಣಗೆ ಮಟ್ಟಸವಾಗಿ ಕತ್ತರಿಸಿದ ಹಾಗಿದ್ರೆ ಎಲ್ಲೋ ಬೆಸೆದುಕೊಂಡಿದೆ.