ತಂಗೀ, ಮುತ್ಯಾನ ಮಾತು ಉಳಿಸ್ಕೊ, ಉಳಿದದ್ದು ಮತ್ತ ಬರಿ

ತಂಗೀ, ನೀ ಕಳಿಸಿದ 'ಸರ್ವಾಧಿಕಾರಿ ಓಟು ಕೇಳಾಕ ಬಂದಾಗ' ಲೇಖನ ಎರಡು ಸಲ ಓದಿದೆ. ಈ ಸಂಚಿಕೆಗೆ ಹಾಕಾಕ ಆಗಂಗಿಲ್ಲ. ಹಂಗಂತ ಒಂದು ಲೈನ್ ಮೆಸೇಜ್ ಕಳಿಸಿ ಸುಮ್ನಾಗಾಕ ಮನಸ್ ಬರ್ಲಿಲ್ಲ, ಯಾಕಂದ್ರ ನಮ್ಮ ರಾಯಚೂರು ಕಡೆ ಹುಡುಗ್ರು ಇಂಥಾ ವಿಷಯಕ್ಕ ಕೈ ಹಾಕೋದಾ ಕಮ್ಮಿ, ನೀ ಹಾಕಿಯಲ್ಲ, ಅದು ನನಗ ಭಾಳ ಖುಷಿ ಆತು.

ಮೊದಲು ಸೇನೆ ಬಲದಿಂದ ಆಳಿ, ಆಮ್ಯಾಲೆ ಓಟು ಕೇಳಾಕ ಬಂದ ಆರು ಮಂದಿನ ಎರಡು ಪುಟದಾಗ ತುರುಕಿ. ಎಲ್ಲರನ್ನೂ ಒಂದಾ ತಕ್ಕಡ್ಯಾಗ ತೂಗಿ. ನೈಜೀರಿಯಾದ ಒಬಸಾಂಜೊ 1979ರಾಗ ತಾನಾ ಅಧಿಕಾರ ಬಿಟ್ಟುಕೊಟ್ಟು 1999ಕ್ಕ ಗೆದ್ದು ಬಂದೋನು, ಬೆನಿನ್ ದೇಶದ ಕೆರೆಕು 1991ರಾಗ ಸೋತು, ಸೋತದ್ದು ಒಪ್ಕೊಂಡು ಇಳಿದು, 1996ಕ್ಕ ಮತ್ತ ಗೆದ್ದೋನು. ಇವ್ರಿಬ್ರೂ ಒಂದಾ ಅಲ್ಲ. ಬೊಲಿವಿಯಾದ ಬಾನ್ಸರ್‌ನ್ನ 'ಜನ ತಲಿ ಮ್ಯಾಲೆ ಹೊತ್ತು ಮೆರೆಸಿದ್ರು' ಅಂತ ಬರ್ದಿ, ಅದು ತಪ್ಪು, 1997ರಾಗ ಅವಂಗ ಬಿದ್ದದ್ದು ಸುಮಾರು ನೂರಕ್ಕ 22 ಓಟು, ಆಮ್ಯಾಲೆ ಅಲ್ಲಿನ ಸಂಸತ್ತು ಆರಿಸ್ತು. ಪಾಕಿಸ್ತಾನದ ಮುಷರಫ್ 2013ರಾಗ 'ಸೋತ' ಅಂದಿ, ನಾಮಪತ್ರಾನಾ ತಿರಸ್ಕಾರ ಆಗಿ ಕಣದಾಗಾ ಇರ್ಲಿಲ್ಲ ಆತ. ಇಂಥವು ಚೆಕ್ ಮಾಡ್ದಾ ಕಳಿಸಬ್ಯಾಡ.

ಆದ್ರ ನಿಜವಾಗ್ಲೂ ನನಗ ನೋವಾಗಿದ್ದು ಕೊನೀ ಸಾಲು, 'ಜನ ಕುರಿಗಳು' ಅಂದಿ ನೋಡು ಅದು. ನೈಜೀರಿಯಾದ ಇನ್ನೊಬ್ಬ ಜನರಲ್ ಬುಹಾರಿ 1983ರ ಡಿಸೆಂಬರ್ 31ಕ್ಕ ಸೇನಾ ದಂಗೆಯಿಂದ ಬಂದ, ಪತ್ರಕರ್ತರನ್ನ ಜೈಲಿಗೆ ಹಾಕಿಸಿದ, ಆಫೀಸಿಗೆ ಲೇಟಾಗಿ ಬಂದ ಸರ್ಕಾರಿ ನೌಕರರ ಕಡಿಂದ ಕಪ್ಪೆ ಜಿಗಿತ ಹಾಕ್ಸಿದ, 1985ರಾಗ ಬೇರೆ ಜನರಲ್‌ಗಳಾ ಆತನ್ನ ಇಳಿಸಿದ್ರು. ಆಮ್ಯಾಲೆ 2003, 2007, 2011, ಮೂರು ಸಲ ನಿಂತು ಮೂರೂ ಸಲ ಸೋತ. ಕುರಿಗಳಾಗಿದ್ರ ಮೂರು ಸಲ ಯಾಕ ಸೋಲಿಸ್ತಿದ್ರು? 2015ಕ್ಕ ಗೆಲ್ಲಿಸಿದ್ರು ಅಂದ್ರ ನಡುವ ಏನಾತು ಅಂತ ನೋಡು, ಭ್ರಷ್ಟಾಚಾರ ತಡಿಲಾರದಷ್ಟು ಆಗಿತ್ತು, ಬೊಕೊ ಹರಾಮ್ ಅನ್ನೋ ಉಗ್ರರ ಕಾಟ, ಹಿಂದಿನ ವರ್ಷಾನಾ ಚಿಬೋಕ್‌ನಾಗ 276 ಶಾಲಾ ಹುಡುಗ್ಯಾರನ್ನ ಎತ್ಕೊಂಡು ಹೋಗಿದ್ರು, ಆತ ಇಳಿದ ವರ್ಷ ಹುಟ್ಟಿದ ಕೂಸಿಗೆ ಆಗಲೇ ಸುಮಾರು ಮೂವತ್ತು ಆಗಿತ್ತು, ಅವ್ರಿಗೆ ಆ ಕಾಲ ಬರೀ ದೊಡ್ಡೋರ ಬಾಯಾಗ ಕೇಳಿದ ಕತಿ. ಬಾಂಗ್ಲಾದ ಎರ್ಷಾದ್ 1990ರ ಡಿಸೆಂಬರ್‌ನಾಗ ಜನರ ಹೋರಾಟಕ್ಕ ಕುರ್ಚಿ ಬಿಟ್ಟ, ಮೂರು ತಿಂಗಳ ಒಳಗಾ ಸಂಸತ್ತಿನ ಚುನಾವಣ್ಯಾಗ ಜೈಲಾಗ ಕುಂತಾ ಐದು ಕಡೆ ಗೆದ್ದ, ಐದೂ ಆತನ ಊರು ರಂಗಪುರದ ಕಡೆಯವು. 'ನಮ್ಮೂರ ಮಗ' ಅನ್ನೋದು ಎಷ್ಟು ಗಟ್ಟಿ ಅಂತ ನಮಗ ಬ್ಯಾರೆದೋರು ಹೇಳಬೇಕಾ?

ಈಗ ಮುತ್ಯಾನ ಪ್ಯಾರಾ. ಎಮರ್ಜೆನ್ಸಿಯಾಗ ರೈಲು ಟೈಮಿಗೆ ಬರ್ತಿದ್ವು, ಕಚೇರ್ಯಾಗ ಸಾಹೇಬ್ರು ಹತ್ತಕ್ಕಾ ಕುಂತಿರ್ತಿದ್ರು ಅಂತ ಹೇಳ್ತಾ ಹೇಳ್ತಾ, ಅದಾ ಉಸಿರಿನಾಗ ನಮ್ಮಣ್ಣನ್ನ ಮಕ್ಕಳಾಗದಂಗ ಮಾಡೋ ಆಪರೇಷನ್ ಕ್ಯಾಂಪಿಗೆ ಜೀಪಿನಾಗ ಒಯ್ದಿದ್ರು ಅಂತಾರ ನಿಮ್ಮ ಮುತ್ಯಾ. ನಾಕಾ ಸಾಲು. ಅಷ್ಟಕ್ಕಾ ಬಿಟ್ಟು ಮತ್ತ ಬೊಲಿವಿಯಾಕ್ಕ ಓಡಿಹೋಗಿ! ಶಿಸ್ತು ನೆನಪಿರ್ತೈತಿ, ನೋವೂ ನೆನಪಿರ್ತೈತಿ, ಎರಡೂ ಒಂದಾ ಮನಷ್ಯಾನ ಒಳಗ ಜಗಳ ಇಲ್ದಾ ಕುಂತಾವು, ನಿನ್ನ ಇಡೀ ಲೇಖನದ ಪ್ರಶ್ನೆ ಅಲ್ಲೇ ಐತಿ. ಎಮರ್ಜೆನ್ಸಿ ಸೇನಾ ದಂಗೆ ಅಲ್ಲ, ಸಂವಿಧಾನದ ಕಲಂ ಹಿಡ್ಕೊಂಡು ಹೇರಿದ್ದು, ಆ ಫರಕು ಸ್ಪಷ್ಟ ಬರಿ. ಆದ್ರ 1977ರಾಗ ಉತ್ತರದಾಗ ಇಂದಿರಾ ಕಾಂಗ್ರೆಸ್ಸು ನೆಲಕಚ್ಚಿದಾಗ ನಮ್ಮ ಕರ್ನಾಟಕ 28ರಾಗ 26 ಸೀಟು ಅವ್ರಿಗೇ ಕೊಡ್ತು, ರಾಯಚೂರು ಬಳ್ಳಾರಿ ಕೊಪ್ಪಳ ಮೂರೂ ಆ 26ರಾಗ ಅದಾವು, ಮರುವರ್ಷ ಚಿಕ್ಕಮಗಳೂರಿನಿಂದಾನಾ ಆಯಮ್ಮ ಪಾರ್ಲಿಮೆಂಟಿಗೆ ವಾಪಸ್ ಹೋದ್ರು. ನಿಮ್ಮ ಮನಿ ಕಟ್ಟಿ ಮ್ಯಾಲಾ ಕುಂತ ಸಾಕ್ಷಿನ ಬಿಟ್ಟು ಎಲ್ಲೆಲ್ಲಿಗೋ ಹೋದ್ಯಲ್ಲ.

ಭಾಷೆ ಬಗ್ಗೆ ಒಂದಾ ಮಾತು. 'ಪ್ರಜಾಪ್ರಭುತ್ವ ಎರಡಲಗಿನ ಕತ್ತಿ' ಅನ್ನೋ ಮೊದಲ ಸಾಲು ತೆಗಿ, 'ಪ್ರಸ್ತುತ ವಿದ್ಯಮಾನ' ಎಲ್ಲಾ ತೆಗಿ. ಮುತ್ಯಾನ ಮಾತು ಬರ್ಯೋವಾಗ ನಿನ್ನ ಕೈ ಎಷ್ಟು ಹಗರ ಐತಿ, ಅದಾ ಕೈಲಿ ಬುಹಾರಿನೂ ಬರಿ. ಹೊರಗಿನವ್ರ ಪೈಕಿ ಒಬ್ಬನ್ನಾ ಇಟ್ಕೊ, ನಾನಾದ್ರ ಎರ್ಷಾದ್‌ನ್ನ ಇಟ್ಕೊಂತಿದ್ದೆ.

1977ರಾಗ ಓಟು ಯಾರಿಗೆ ಹಾಕಿದ್ರಿ ಅಂತ ಮುತ್ಯಾಗ ಕೇಳಿಯೇನು? ಲೇಖನದಾಗ ಇಲ್ಲ. ಕೇಳು. ಹೇಳ್ಲಿಲ್ಲಾ ಅಂದ್ರ ಹೇಳ್ಲಿಲ್ಲ ಅಂತಾನಾ ಬರ್ದು, ಬರೋ ತಿಂಗಳು 10ರೊಳಗ ಕಳ್ಸು, ಎರಡು ಪುಟ ಖಾಲಿ ಇಟ್ಟಿರ್ತೀನಿ.